ಎರಡನೇ ಶನಿವಾರದ ಕಾನೂನು: ಮಡಿಕೇರಿಯ ವಿಚ್ಛೇದನ ವಕೀಲರೊಬ್ಬರ ವ್ಯಾಖ್ಯಾನ ಮತ್ತು ಸಲಹೆ

ಮಡಿಕೇರಿಯಲ್ಲಿ ವಿಚ್ಛೇದನದ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ವಕೀಲರೊಬ್ಬರು ಪ್ರತಿ ತಿಂಗಳ ಎರಡನೇ ಶನಿವಾರ ತಮ್ಮ ಕಚೇರಿಯ ಮೇಲ್ಮಹಡಿಯಲ್ಲಿ ಕುಳಿತು, ಆಗಷ್ಟೇ ಸುದ್ದಿಯಾದ ಕೌಟುಂಬಿಕ ಕಾನೂನಿನ ತೀರ್ಪುಗಳನ್ನು ಬಂದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಪ್ರವೇಶಕ್ಕೆ ಹಣವಿಲ್ಲ. ನಾಲ್ಕು ಪುಟದ ಟಿಪ್ಪಣಿಯ ಜೆರಾಕ್ಸ್ ಬೇಕೆಂದರೆ ಹತ್ತು ರೂಪಾಯಿ ಕೊಡಬೇಕು. ಸ್ವಂತ ವಿಷಯ ಮಾತನಾಡಬೇಕೆಂದರೆ ಬೇರೊಂದು ದಿನ ಸಮಯ ಗೊತ್ತುಮಾಡಿಕೊಂಡು ಮುಕ್ಕಾಲು ಗಂಟೆಗೆ ಸಾವಿರ ರೂಪಾಯಿ ಶುಲ್ಕ ಕಟ್ಟಬೇಕು. ತಂಗಿಯ ಸಂಸಾರ ಮುರಿದು ಅವಳು ಎಂಟು ವರ್ಷದ ಮಗನೊಂದಿಗೆ ಗೋಣಿಕೊಪ್ಪಲಿನ ನಮ್ಮ ಮನೆಗೆ ಬಂದ ಮೇಲೆ, 2024ರ ಮಳೆಗಾಲದಿಂದ ಮೊದಲ್ಗೊಂಡು ಸುಮಾರು ಒಂದೂವರೆ ವರ್ಷ ನಾವಿಬ್ಬರೂ ಈ ಎರಡು ಸೇವೆಗಳನ್ನೂ ಬಳಸಿದ್ದೇವೆ.

ವಕೀಲರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ವಕೀಲರು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ತಮ್ಮ ಪ್ರಚಾರ ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ತಡೆಯುತ್ತದೆ, ಮತ್ತು ಈ ವಕೀಲರು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂದರೆ ಟಿಪ್ಪಣಿಯ ಹಾಳೆಯ ಮೇಲೂ ಅವರ ಹೆಸರು, ಫೋನ್ ನಂಬರು ಇರುವುದಿಲ್ಲ. ಹೊಗಳಿಕೆಯಿಂದ ಅವರಿಗೆ ತೊಂದರೆಯಾಗುವುದು ನನಗೆ ಬೇಡ. ಆದರೆ ವಿಮರ್ಶೆ ಬರೆಯಲೇಬೇಕೆನಿಸಲು ಇನ್ನೊಂದು ಕಾರಣವಿದೆ. ವಕೀಲರ ಸೇವೆಯಲ್ಲಿನ ಕೊರತೆಯನ್ನು ಗ್ರಾಹಕರ ಆಯೋಗದ ಮುಂದೆ ಒಯ್ಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿದೆ. ಅಂದರೆ ಮಿಕ್ಸಿ ಕೆಟ್ಟರೆ ದೂರು ಕೊಡಬಹುದಾದ ಕಡೆ, ವಕಾಲತ್ತು ಕೆಟ್ಟರೆ ದೂರು ಕೊಡಲಾಗದು. ಹಾಗಾಗಿ ಒಬ್ಬರ ಅನುಭವ ಇನ್ನೊಬ್ಬರಿಗೆ ತಿಳಿಯುವುದು ಮುಖ್ಯ.

ಇವರಲ್ಲಿಗೆ ಬರುವ ಮೊದಲು ನಾವು ಬೇರೊಂದು ಊರಿನ ವಕೀಲರೊಬ್ಬರನ್ನು ಕಂಡಿದ್ದೆವು. ಅವರು ಕಾಗದಪತ್ರಗಳನ್ನು ತೆರೆದು ನೋಡುವ ಮೊದಲೇ ಗಂಡನ ಕಡೆಯವರ ತೋಟ ಎಷ್ಟು ಎಕರೆ ಎಂದು ಕೇಳಿ, ಬರುವ ಪರಿಹಾರದ ಹಣದಲ್ಲಿ ಹತ್ತನೇ ಒಂದು ಪಾಲು ತಮಗೆ ಕೊಡಬೇಕು ಎಂದಿದ್ದರು. ಗೆದ್ದ ಹಣದಲ್ಲಿ ಶೇಕಡಾವಾರು ಶುಲ್ಕ ಕೇಳುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ ಎಂಬುದು ನಮಗೆ ಗೊತ್ತಾದದ್ದು ಮಡಿಕೇರಿಯ ಈ ಮಹಡಿಯ ಮೇಲೆ, ಅದೂ ಬೇರೆ ಯಾರೋ ಕೇಳಿದ ಪ್ರಶ್ನೆಗೆ ಉತ್ತರವಾಗಿ. ತಂಗಿ ನನ್ನ ಕಡೆ ತಿರುಗಿ ನೋಡಿದಳು. ನಾನು ಛತ್ರಿಯ ಹಿಡಿ ನೋಡುತ್ತಾ ಕುಳಿತೆ, ಏಕೆಂದರೆ ಆ ವಕೀಲರನ್ನು ಹುಡುಕಿದವನು ನಾನೇ.

ಈಗ ವ್ಯಾಖ್ಯಾನದ ವಿಷಯಕ್ಕೆ ಬರುತ್ತೇನೆ. ಇವರ ಕ್ರಮ ಸರಳವಾದದ್ದು. ಪತ್ರಿಕೆಯ ತುಣುಕನ್ನು ಮೊದಲು ಓದುತ್ತಾರೆ, ಆಮೇಲೆ ತೀರ್ಪಿನ ಪ್ರತಿಯನ್ನು ತೆಗೆದು ಕೆಂಪು ಪೆನ್ಸಿಲಿನಿಂದ ಮೂರು ಸಂಗತಿಗಳ ಕೆಳಗೆ ಗೆರೆ ಎಳೆಯುತ್ತಾರೆ: ಯಾವ ನ್ಯಾಯಾಲಯ, ಎಷ್ಟು ನ್ಯಾಯಮೂರ್ತಿಗಳ ಪೀಠ, ಯಾವ ಕಲಮಿನ ಕೆಳಗೆ. ಮೊದಲ ದಿನ ನನಗೆ ಇದು ಪಾಠಶಾಲೆಯ ಚಾಳಿಯಂತೆ ಕಂಡಿತು (ನಾನೂ ಮೇಷ್ಟರೇ, ಆದ್ದರಿಂದ ಹೇಳುವ ಹಕ್ಕಿದೆ). ಆದರೆ ಆ ಮೂರು ಗೆರೆಗಳಿಂದಲೇ ಎಷ್ಟು ಗಾಳಿಮಾತುಗಳು ಉದುರಿಹೋಗುತ್ತವೆ ಎಂಬುದನ್ನು 'ಇನ್ನು ಆರು ತಿಂಗಳು ಕಾಯಬೇಕಾಗಿಲ್ಲವಂತೆ' ಎಂಬ ಸುದ್ದಿಯ ವಿಷಯದಲ್ಲಿ ಕಣ್ಣಾರೆ ಕಂಡೆ.

ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ 13ಬಿ ಕಲಮಿನ ಪ್ರಕಾರ, ಒಂದು ವರ್ಷವಾದರೂ ಬೇರೆ ಬೇರೆ ಇದ್ದ ದಂಪತಿ ಪರಸ್ಪರ ಒಪ್ಪಿಗೆಯಿಂದ ಅರ್ಜಿ ಹಾಕಬಹುದು. ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಎರಡನೇ ಬಾರಿ ಬಂದು ಕೇಳಿಕೊಳ್ಳಬೇಕು. 2023ರ ಮೇ 1ರಂದು ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ಸುಪ್ರೀಂ ಕೋರ್ಟ್ ತಾನೇ ವಿಸರ್ಜಿಸಬಹುದು ಎಂದಿತು. ಅದನ್ನು ಕೇಳಿದ ಅರ್ಧ ಕೊಡಗು, ಇನ್ನು ಕಾಯುವುದೇ ಬೇಡ ಎಂದು ತಿಳಿದುಕೊಂಡಿತ್ತು. ವಕೀಲರು ಸಂವಿಧಾನದ '142ನೇ ವಿಧಿ' ಎಂಬ ಪದದ ಕೆಳಗೆ ಎರಡೆರಡು ಸಲ ಗೆರೆ ಎಳೆದು, ಈ ಅಧಿಕಾರ ದೇಶದಲ್ಲಿ ಒಂದೇ ಒಂದು ನ್ಯಾಯಾಲಯಕ್ಕಿದೆ, ಅದು ಮಡಿಕೇರಿಯಲ್ಲಿಲ್ಲ, ಬೆಂಗಳೂರಿನಲ್ಲೂ ಇಲ್ಲ ಎಂದರು. ಜೊತೆಗೆ, ಅದನ್ನು ಹಕ್ಕೆಂದು ಯಾರೂ ಕೇಳುವಂತಿಲ್ಲ ಎಂದು ಅದೇ ತೀರ್ಪು ಹೇಳಿರುವುದನ್ನೂ ಓದಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಯುವಕನ ಮುಖ ಬಾಡಿತು. ಆಗ ಅವರು 2017ರ ಸೆಪ್ಟೆಂಬರಿನ ಅಮರ್‌ದೀಪ್ ಸಿಂಗ್ ತೀರ್ಪನ್ನು ತೆಗೆದರು: ಆರು ತಿಂಗಳ ಅವಧಿ ಕಡ್ಡಾಯವಲ್ಲ, ಮಾರ್ಗಸೂಚಿ ಮಾತ್ರ, ಅರ್ಜಿ ಹಾಕುವ ಮೊದಲೇ ಒಂದೂವರೆ ವರ್ಷ ಬೇರೆಯಾಗಿದ್ದು, ಮಧ್ಯಸ್ಥಿಕೆಯ ಪ್ರಯತ್ನಗಳು ವಿಫಲವಾಗಿ, ಜೀವನಾಂಶ ಮತ್ತು ಮಗುವಿನ ವಿಷಯಗಳು ನಿಜವಾಗಿ ಇತ್ಯರ್ಥವಾಗಿದ್ದು, ಕಾಯುವುದರಿಂದ ಸಂಕಟವೇ ಹೆಚ್ಚಾಗುವುದಾದರೆ, ಆ ಅವಧಿಯನ್ನು ವಿಚಾರಣಾ ನ್ಯಾಯಾಲಯವೇ ಮನ್ನಾ ಮಾಡಬಹುದು. ದೊಡ್ಡದಾಗಿ ಸುದ್ದಿಯಾದ ತೀರ್ಪು ಆ ಯುವಕನಿಗೆ ಉಪಯೋಗಕ್ಕೆ ಬರಲಿಲ್ಲ, ಎಲ್ಲರೂ ಮರೆತಿದ್ದ ಹಳೆಯ ತೀರ್ಪು ಬಂತು. ಕೊನೆಗೆ ನನ್ನ ತಂಗಿಗೂ ನೆರವಾದದ್ದು ಅದೇ.

ಈ ಸೇವೆಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಯಾವ ಸುದ್ದಿ ನಮ್ಮ ಕಡತಕ್ಕೆ ಸಂಬಂಧಿಸಿದ್ದು, ಯಾವುದು ಅಲ್ಲ ಎಂಬುದನ್ನು ಅವರು ನಿಷ್ಠುರವಾಗಿ ಹೇಳುತ್ತಾರೆ. 2024ರ ಆಗಸ್ಟಿನಲ್ಲಿ, ತಿಂಗಳಿಗೆ ಆರು ಲಕ್ಷಕ್ಕೂ ಮೀರಿದ ಜೀವನಾಂಶ ಕೇಳಿದ ಮಹಿಳೆಯ ವಕೀಲರನ್ನು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯವರು ಪ್ರಶ್ನಿಸಿದ ವಿಡಿಯೊ ತುಣುಕು ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ನಮ್ಮ ಮಾಜಿ ಭಾವನ ಕಡೆಯವರೂ ಅದನ್ನು ತಂಗಿಗೆ ಕಳಿಸಿದ್ದರು, ಎಚ್ಚರಿಕೆಯೆಂಬಂತೆ. ವಕೀಲರು ಅದನ್ನು ಮುಂದಿನ ಕೂಟದಲ್ಲಿ ಎತ್ತಿಕೊಂಡು, ವಿಚಾರಣೆಯ ನಡುವೆ ಬಾಯಿಮಾತಿನಲ್ಲಿ ಬಂದದ್ದು ಆದೇಶವಾಗುವುದಿಲ್ಲ, ಆದೇಶವೆಂದರೆ ಸಹಿಯಾಗಿ ಹೊರಬಂದ ಕಾಗದ, ತುಣುಕನ್ನು ನೋಡಿ ಯಾರೂ ತಮ್ಮ ಅರ್ಜಿಯ ಅಂಕಿ ತಿದ್ದಬೇಡಿ ಎಂದು ಐದೇ ನಿಮಿಷದಲ್ಲಿ ಮುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪ್ರಕರಣದಲ್ಲಿ ಐದು ಕೋಟಿ, ಇನ್ನೊಂದರಲ್ಲಿ ಹನ್ನೆರಡು ಕೋಟಿ ರೂಪಾಯಿಯ ಶಾಶ್ವತ ಜೀವನಾಂಶ ಸುದ್ದಿಯಾದಾಗಲೂ ಅವರು ಕೋಟಿಗಳ ಬಗ್ಗೆ ಮಾತನಾಡಲಿಲ್ಲ. ಎರಡನೆಯ ತೀರ್ಪಿನಲ್ಲಿ, ಗಂಡನ ಇಂದಿನ ಸಂಪತ್ತಿಗೆ ಹೆಂಡತಿಯನ್ನು ಸರಿಗಟ್ಟಿಸುವುದು ಜೀವನಾಂಶದ ಉದ್ದೇಶವಲ್ಲ ಎಂಬ ಮಾತಿದೆ. ಪತ್ರಿಕೆಯವರು ಹನ್ನೆರಡು ಕೋಟಿಯನ್ನು ತಲೆಬರಹಕ್ಕೆ ಹಾಕಿ ಇದನ್ನು ಕೊನೆಯ ಪ್ಯಾರಾಕ್ಕೆ ತಳ್ಳಿದ್ದರು. ನಮಗೆ ಬೇಕಾಗಿದ್ದು ಆ ಕೊನೆಯ ಪ್ಯಾರಾ.

ಆದರೆ ಕೊಡಗಿನವನಾಗಿ ನಾನು ಅತ್ಯಂತ ಮೆಚ್ಚಿಕೊಂಡದ್ದು ರಜನೇಶ್ ವಿರುದ್ಧ ನೇಹಾ ಪ್ರಕರಣದ ಬಗ್ಗೆ ಅವರು ಎರಡು ಶನಿವಾರ ಕೊಟ್ಟ ವಿವರಣೆಯನ್ನು. 2020ರ ನವೆಂಬರ್ 4ರ ಈ ತೀರ್ಪು, ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದಿತು, ಮತ್ತು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದಿತು. ಇಷ್ಟು ಎಲ್ಲ ವಕೀಲರಿಗೂ ಗೊತ್ತು. ಪ್ರಮಾಣಪತ್ರದ ನಮೂನೆಗಳಲ್ಲಿ ಬೇಸಾಯದವರಿಗೆಂದೇ ಬೇರೆ ನಮೂನೆ ಇರುವುದನ್ನು ಮಾತ್ರ ನಾನು ಇವರಿಂದಲೇ ಕೇಳಿದ್ದು. ಬೇಸಾಯೇತರರ ನಮೂನೆಯಲ್ಲಿ ತಿಂಗಳ ವರಮಾನ ಕೇಳಿದರೆ, ಬೇಸಾಯದವರ ನಮೂನೆ ಜಮೀನಿನ ವಿಸ್ತೀರ್ಣ, ಅದು ಎಂಥ ಜಮೀನು, ಯಾವ ಬೆಳೆ, ಅದರಿಂದ ಬಂದ ಆದಾಯವೆಷ್ಟು ಎಂದು ಕೇಳುತ್ತದೆ. ಕಾಫಿಯ ಹಣ ವರ್ಷಕ್ಕೊಮ್ಮೆ ಬರುವ ನಮ್ಮ ಜಿಲ್ಲೆಯಲ್ಲಿ, ಕೃಷಿ ವರಮಾನಕ್ಕೆ ಆದಾಯ ತೆರಿಗೆ ಇಲ್ಲದೆ ತೆರಿಗೆಯ ಕಾಗದಗಳಲ್ಲಿ ಸೊನ್ನೆಯೇ ಕಾಣುವ ಮನೆಗಳಲ್ಲಿ, ಈ ಒಂದು ನಮೂನೆ ಎಷ್ಟು ಮುಖ್ಯವೆಂಬುದನ್ನು ಬಯಲುಸೀಮೆಯವರಿಗೆ ವಿವರಿಸುವುದು ಕಷ್ಟ.

ನಮ್ಮ ಮಾಜಿ ಭಾವ ಸಲ್ಲಿಸಿದ್ದು ಬೇಸಾಯೇತರರ ನಮೂನೆ. ತಿಂಗಳ ವರಮಾನದ ಎದುರು 'ಇಲ್ಲ' ಎಂದು ಬರೆದು, ಜಮೀನು ತನ್ನದಲ್ಲ, ಒಕ್ಕದ್ದು (ಒಕ್ಕವೆಂದರೆ ಕೊಡವರ ಮನೆತನ), ಪಹಣಿಯಲ್ಲಿ ಹನ್ನೊಂದು ಹೆಸರುಗಳಿವೆ ಎಂದು ಸೇರಿಸಿದ್ದರು. ಹನ್ನೊಂದು ಹೆಸರುಗಳಿದ್ದದ್ದು ಸುಳ್ಳಲ್ಲ. ಜಮ್ಮಾ ಭೂಮಿಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಕಡತಗಳನ್ನು ನೋಡಿದ ಯಾರಿಗೂ ಇದು ಹೊಸದಲ್ಲ: ಹಕ್ಕು ಒಕ್ಕದ ಹೆಸರಿನಲ್ಲಿ, ಉಳುಮೆ ಮತ್ತು ಫಸಲು ಅಣ್ಣತಮ್ಮಂದಿರ ಬಾಯಿಮಾತಿನ ಪಾಲಿನಲ್ಲಿ. ವಕೀಲರು ಆ ದಿನ ಮೇಜಿನ ಮೇಲೆ ತಂಗಿಯ ಚೀಲವನ್ನು ಬರಿದುಮಾಡಿಸಿದರು. ಕಾಳುಮೆಣಸು ಮಾರಿದ ಅಂಗಡಿಯ ಚೀಟಿಗಳು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನ ಎರಡು ರಸೀದಿ, ಅವಳದೇ ಕೈಬರಹದ ಆಳುಗಳ ಲೆಕ್ಕದ ಪುಸ್ತಕ, ಅದರ ನಡುವೆ ಒಣಗಿದ ಒಂದು ಕಾಫಿ ಎಲೆ. ಕುಯ್ಲಿನ ದಿನಗಳಲ್ಲಿ ಎಷ್ಟು ಆಳು, ಎಷ್ಟು ಚೀಲ ಎಂದು ಐದು ವರ್ಷ ಅವಳೇ ಬರೆದಿಟ್ಟಿದ್ದಳು. ಹೆಸರು ಯಾರದಾದರೂ ಇರಲಿ, ನ್ಯಾಯಾಲಯ ನೋಡುವುದು ಹಣ ಯಾರ ಕೈಗೆ ಬರುತ್ತದೆ, ಯಾರು ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ಎಂದು ಹೇಳಿ, ಆ ಪುಸ್ತಕವನ್ನು ಪುಟಪುಟವಾಗಿ ಜೆರಾಕ್ಸ್ ಮಾಡಿಸಿದರು. ಅದನ್ನು ಆಧರಿಸಿ, ಬೇಸಾಯದ ನಮೂನೆಯಲ್ಲಿ ಹೊಸ ಪ್ರಮಾಣಪತ್ರ ಕೊಡಿಸಬೇಕೆಂದು ಅರ್ಜಿ ಹಾಕಿದ ಮೂರನೇ ವಾರದಲ್ಲಿ ಎದುರಿನವರು ಮಾತುಕತೆಗೆ ಬಂದರು.

ಒಡವೆಗಳ ವಿಷಯದಲ್ಲೂ ಅವರ ಮಾತು ನಮ್ಮ ನೆಲಕ್ಕೆ ಹೊಂದುವಂಥದ್ದು. ಸ್ತ್ರೀಧನದ (ಹೆಣ್ಣಿಗೆ ಅವಳದೇ ಎಂದು ಕೊಟ್ಟ ಒಡವೆ, ವಸ್ತುಗಳ) ಮೇಲೆ ಗಂಡನಿಗೆ ಒಡೆತನವಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲಿನಲ್ಲಿ ಮತ್ತೊಮ್ಮೆ ಹೇಳಿದ್ದನ್ನು ಹಿಡಿದುಕೊಂಡು ತಂಗಿ ಮದುವೆಯಲ್ಲಿ ತೊಟ್ಟ ಎಲ್ಲವನ್ನೂ ಪಟ್ಟಿ ಮಾಡಿದ್ದಳು. ವಕೀಲರು ಮದುವೆಯ ಆಲ್ಬಮ್ ತರಿಸಿ, ಒಂದೊಂದು ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: ಈ ಪತ್ತಾಕ್ ನಿಮ್ಮ ತಾಯಿ ಕೊಟ್ಟದ್ದೋ? ಈ ಜೋಮಾಲೆ? ಈ ಕೊಕ್ಕೆತಾತಿ? ಕೊಕ್ಕೆತಾತಿ ಗಂಡನ ಒಕ್ಕದ್ದು, ಆ ಮನೆಯ ಪ್ರತಿ ಸೊಸೆಯೂ ಮುಹೂರ್ತಕ್ಕೆ ತೊಟ್ಟು ಹಿಂದಿರುಗಿಸುವಂಥದ್ದು ಎಂದು ತಂಗಿ ಒಪ್ಪಿಕೊಂಡಳು. ತೊಡಿಸಿದ್ದೆಲ್ಲ ಕೊಟ್ಟದ್ದಲ್ಲ ಎಂದು ಹೇಳಿ ಅವರು ಅದರ ಮೇಲೆ ಗೀಟು ಹಾಕಿದರು. ಉಳಿದವು ಎರಡು ತಿಂಗಳಲ್ಲಿ ತಕರಾರಿಲ್ಲದೆ ಹಿಂದಿರುಗಿ ಬಂದವು. ಆ ಒಂದು ಗೀಟಿಲ್ಲದಿದ್ದರೆ ಬರುತ್ತಿದ್ದವೆಂದು ನನಗೆ ಅನಿಸುವುದಿಲ್ಲ.

ಕೂಟಗಳಲ್ಲಿ ಬಂದವರ ಪ್ರಶ್ನೆಗಳೇ ಅರ್ಧ ಪಾಠ. ಹೆಂಡತಿಯೊಂದಿಗೆ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬಿಡುಗಡೆ ಬರೆದುಕೊಂಡು ಎರಡನೇ ಮದುವೆಗೆ ದಿನ ಗೊತ್ತುಮಾಡಿದ್ದ ಒಬ್ಬರು ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ರೂಢಿಯ ವಿಚ್ಛೇದನವನ್ನು ಕಾಯ್ದೆಯ 29ನೇ ಕಲಂ ಉಳಿಸಿದೆ ನಿಜ, ಆದರೆ ಅಂಥ ರೂಢಿ ನಿಮ್ಮ ಸಮುದಾಯದಲ್ಲಿ ಹಿಂದಿನಿಂದ ಎಡೆಬಿಡದೆ ಇತ್ತೆಂದು ನೀವು ಸಾಬೀತು ಮಾಡಬೇಕು, ಮಾಡಲಾಗದಿದ್ದರೆ ಎರಡನೇ ಮದುವೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನ ಅಪರಾಧ ಎಂದಾಗ, ಅವರು ಕಾಗದವನ್ನು ಮಡಚಿದ ರೀತಿ ನೆನಪಿದೆ. ಇನ್ನೊಬ್ಬ ಹೆಣ್ಣುಮಗಳು, ಬೆಂಗಳೂರಿನಲ್ಲಿ ವಾಸವಿದ್ದವರು, ಗಂಡನ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ಇರುವ ಹಕ್ಕು ತಮಗಿದೆಯೇ ಎಂದು ಕೇಳಿದರು. ಜಂಟಿ ಕುಟುಂಬದ ಮನೆಯೂ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ 'ಹಂಚಿಕೊಂಡ ಮನೆ', ಅಂದರೆ ಹೆಂಡತಿಗೆ ವಾಸದ ಹಕ್ಕಿರುವ ಮನೆ, ಆಗಬಹುದು, 2020ರ ಅಕ್ಟೋಬರಿನ ಸತೀಶ್ ಚಂದರ್ ಅಹುಜಾ ತೀರ್ಪು ಅದನ್ನು ಗಟ್ಟಿಮಾಡಿದೆ. ಆದರೆ ಅಲ್ಲಿ ನೆಲೆಯಾಗಿ ವಾಸವಿದ್ದಿರಬೇಕು, ಪುತ್ತರಿ ಹಬ್ಬಕ್ಕೂ ಕೈಲ್‌ಪೊಳ್ದಿಗೂ ಬಂದು ಎರಡು ರಾತ್ರಿ ಮಲಗಿದ್ದು ಸಾಲದು ಎಂದು ಉತ್ತರ ಬಂತು. ನಾಪೋಕ್ಲು ಕಡೆಯ ಮಹಿಳೆಯೊಬ್ಬರಿಗೆ 1985ರ ಶಾಬಾನು ತೀರ್ಪಿನಿಂದ ಹಿಡಿದು, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದ 2024ರ ಜುಲೈ 10ರ ತೀರ್ಪಿನವರೆಗೆ ಸಾವಧಾನವಾಗಿ ಹೇಳಿ, ಆ 125 ಈಗ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ ಎಂದು ಅವರ ಚೀಟಿಯಲ್ಲಿ ತಿದ್ದಿಕೊಟ್ಟರು.

ಕೊರತೆಗಳನ್ನೂ ಹೇಳಲೇಬೇಕು. ಹತ್ತೂವರೆ ಎಂದರೆ ಹನ್ನೊಂದೂಕಾಲು. ಗೋಣಿಕೊಪ್ಪಲಿನಿಂದ ಬೆಳಗಿನ ಬಸ್ಸು ಹಿಡಿದು ಬರುವವರಿಗೆ ಇದು ಸಣ್ಣ ವಿಷಯವಲ್ಲ. 2025ರ ಮಳೆಗಾಲದಲ್ಲಿ ಒಂದು ಕೂಟ ರದ್ದಾದದ್ದು ಮೆಟ್ಟಿಲು ಹತ್ತಿ ಬೀಗ ನೋಡಿದ ಮೇಲೆ ಗೊತ್ತಾಯಿತು. ಟಿಪ್ಪಣಿಯ ಅಕ್ಷರಗಳು ಎಷ್ಟು ಸಣ್ಣವೆಂದರೆ, ಐವತ್ತು ದಾಟಿದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು, ಮತ್ತು ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ಕಿಟಕಿಯ ಬೆಳಕೆಂಬುದು ಇರುವುದಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆಯಿದೆ. ಒಮ್ಮೆ ತೋಟದ ಕೆಲಸಕ್ಕೆ ಹೋಗುವ ಯರವ ಸಮುದಾಯದ ಹೆಣ್ಣುಮಗಳು ಹಿಂದಿನ ಸಾಲಿನಿಂದ ಎದ್ದು ಕೇಳಿದಾಗ, ಪರಿಶಿಷ್ಟ ಪಂಗಡದವರಿಗೆ ಹಿಂದೂ ವಿವಾಹ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ, ನಿಮ್ಮದು ರೂಢಿಯ ಪ್ರಕಾರ ಎಂದು ಎರಡೇ ವಾಕ್ಯದಲ್ಲಿ ಮುಗಿಸಿ ಮುಂದಿನ ಪ್ರಶ್ನೆಗೆ ಹೋದರು. ಹೇಳಿದ್ದು ಸರಿಯೇ. ಆದರೆ ಯರವರೂ ಜೇನುಕುರುಬರೂ ಇಷ್ಟೊಂದು ಇರುವ ಜಿಲ್ಲೆಯಲ್ಲಿ, ಹಾಗಾದರೆ ಆಕೆ ಎಲ್ಲಿಗೆ ಹೋಗಬೇಕು, ಏನನ್ನು ಸಾಬೀತು ಮಾಡಬೇಕು ಎಂಬುದಕ್ಕೆ ಒಂದು ಇಡೀ ಶನಿವಾರ ಕೊಡಬೇಕಿತ್ತು. ಕೂಟ ಮುಗಿದ ಮೇಲೆ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆಮಾಡಿ ಎಂದು ಆಕೆಗೆ ಬರೆದುಕೊಟ್ಟದ್ದನ್ನು ನೋಡಿದೆ. ಅಷ್ಟಾದರೂ ಆಯಿತು.

ಒಂದು ವಿಷಯದಲ್ಲಿ ನನಗೆ ಅವರೊಂದಿಗೆ ಇಂದಿಗೂ ಒಪ್ಪಿಗೆಯಿಲ್ಲ. ಗಂಡ ಹೆಂಡಿರ ನಡುವಿನ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಂಡದ್ದೂ ವಿಚ್ಛೇದನದ ಪ್ರಕರಣದಲ್ಲಿ ಸಾಕ್ಷ್ಯವಾಗಬಹುದು ಎಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೇಳಿತು. ವಕೀಲರು ಅದನ್ನು ಸ್ವಾಗತಿಸಿದರು. ಮನೆಯೊಳಗಿನ ಕ್ರೌರ್ಯಕ್ಕೆ ಬೇರೆ ಸಾಕ್ಷಿ ಎಲ್ಲಿಂದ ತರುವುದು, ಒಬ್ಬರು ಇನ್ನೊಬ್ಬರ ಮೇಲೆ ಕಿವಿಯಿಡುವ ಸ್ಥಿತಿ ಬಂತೆಂದರೆ ಆ ಮದುವೆಯಲ್ಲಿ ನಂಬಿಕೆ ಆಗಲೇ ಮುಗಿದಿದೆ ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಮರುದಿನದಿಂದ ಆ ಕೊಠಡಿಗೆ ಬರುವ ಅರ್ಧ ಜನ ಜೇಬಿನಲ್ಲಿ ಫೋನು ಚಾಲೂ ಮಾಡಿಕೊಂಡೇ ಮನೆಗೆ ಹೋಗುತ್ತಾರೆ ಎಂಬುದನ್ನು, ರಾಜಿಗೆ ಇನ್ನೂ ಅವಕಾಶವಿದ್ದವರೂ ಹಾಗೆ ಮಾಡುತ್ತಾರೆ ಎಂಬುದನ್ನು, ಇಷ್ಟು ಅನುಭವವಿರುವವರು ಒಂದು ಮಾತು ಹೇಳಿ ಎಚ್ಚರಿಸಬಹುದಿತ್ತು.

ತಂಗಿಯ ಪ್ರಕರಣ ಪರಸ್ಪರ ಒಪ್ಪಿಗೆಯಲ್ಲಿ ಮುಗಿಯಿತು. ಆದೇಶ ಹೊರಬೀಳುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂದು ವಕೀಲರು ಮೊದಲೇ ಹೇಳಿದ್ದರಿಂದ, ಇತ್ಯರ್ಥದ ಹಣ ಯಾವ ಹಂತದಲ್ಲಿ ಎಷ್ಟು ಕೈಸೇರಬೇಕು, ಮಗ ಯಾವ ರಜೆಯಲ್ಲಿ ಎಲ್ಲಿರಬೇಕು ಎಂಬುದೆಲ್ಲ ಒಪ್ಪಂದದಲ್ಲೇ ಬರೆದಾಗಿತ್ತು. ಆರು ತಿಂಗಳ ಅವಧಿಯೂ ಮನ್ನಾ ಆಯಿತು. ಪ್ರತಿ ಪಾವತಿಗೂ ರಸೀದಿ ಸಿಕ್ಕಿತು, ಮೊದಲು ಹೇಳಿದ ಶುಲ್ಕಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ನಮಗಿರುವ ಬಾಕಿ ಒಂದೇ: ಬೇಸಾಯದವರ ಆ ಪ್ರಮಾಣಪತ್ರದ ನಮೂನೆಯನ್ನು ಕನ್ನಡಕ್ಕೆ ತಂದು, ಕಾಫಿ, ಮೆಣಸು, ಹೋಂಸ್ಟೇ ವರಮಾನಗಳನ್ನು ಎಲ್ಲಿ ತುಂಬಬೇಕೆಂದು ತೋರಿಸುವ ಮಾದರಿಯೊಂದನ್ನು ಹಂಚುತ್ತೇನೆಂದು ಅವರು ಕಳೆದ ವರ್ಷವೇ ಕೂಟದಲ್ಲಿ ಹೇಳಿದ್ದರು. ಹೋದ ಸಲ ಮತ್ತೆ ಕೇಳಿದೆ. ಅವರಿಗೂ ಸ್ವಲ್ಪ ತೋಟವಿದೆ. ಕುಯ್ಲು ಮುಗಿಯಲಿ ಎಂದರು.